ಗಾಜಾನ್ ಖಾನನ ಬೆಳ್ಳಿ ನಾಣ್ಯಗಳು ಮತ್ತು ‘ಸ್ವಾತಂತ್ರ್ಯ ಘೋಷಣೆ’ಯ ವಾದ: ಒಂದು ವಿಮರ್ಶೆ

೧

ಕ್ರಿ.ಶ. ೧೨೫೬ರಿಂದ ೧೩೩೫ರವರೆಗೆ ಪರ್ಷಿಯ ದೇಶವನ್ನಾಳಿದ ಮಂಗೋಲ್ ಇಲ್‌ಖಾನ್ ಮನೆತನದ ಚರಿತ್ರೆಯನ್ನು ಬರೆದವರೆಲ್ಲರೂ ಆ ಮನೆತನದ ಬೆಳ್ಳಿ ನಾಣ್ಯಗಳಿಗೆ ಗಣ್ಯವಾದ ಸಾಕ್ಷ್ಯಸ್ಥಾನವನ್ನು ಕೊಟ್ಟಿದ್ದಾರೆ. ಇದು ಯುಕ್ತವೇ ಆಗಿದೆ. ಆಸ್ಥಾನದ ಇತಿಹಾಸಕಾರನು ತನ್ನ ಒಡೆಯನಿಗೆ ಪ್ರಿಯವಾದುದನ್ನು ಬರೆಯಬಹುದು; ನಾಣ್ಯವಾದರೋ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ನಮ್ಮ ಕೈ ಸೇರುತ್ತದೆ. ಆದರೆ ಸಾಕ್ಷಿಯು ಸತ್ಯವಂತನಾದ ಮಾತ್ರಕ್ಕೆ ಅವನ ಮಾತನ್ನು ನಾವು ಸರಿಯಾಗಿಯೇ ಗ್ರಹಿಸಿದ್ದೇವೆಂದು ಭಾವಿಸಲಾಗದು. ಈ ನಾಣ್ಯಗಳ ವಿಷಯದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಒಂದು ಅಭಿಪ್ರಾಯವನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಅಭಿಪ್ರಾಯವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಇಲ್‌ಖಾನರು ಮೊದಲು ಚೀನಾದಲ್ಲಿದ್ದ ಮಹಾಖಾನನಿಗೆ ಅಧೀನರಾಗಿದ್ದು ತಮ್ಮ ನಾಣ್ಯಗಳ ಮೇಲೆ ಅವನ ಅಧಿಕಾರವನ್ನು ಒಪ್ಪಿಕೊಳ್ಳುತ್ತಿದ್ದರು, ೧೨೯೫ರಲ್ಲಿ ಇಸ್ಲಾಂ ಮತವನ್ನು ಸ್ವೀಕರಿಸಿ ಪಟ್ಟವೇರಿದ ಗಾಜಾನ್ ಖಾನನು ಮಹಾಖಾನನ ಉಲ್ಲೇಖವನ್ನು ನಾಣ್ಯದಿಂದ ತೆಗೆದುಹಾಕಿದನು, ಆದುದರಿಂದ ಗಾಜಾನನ ನಾಣ್ಯವು ಪರ್ಷಿಯದ ಮಂಗೋಲರ ಸ್ವಾತಂತ್ರ್ಯ ಘೋಷಣೆಯಾಗಿದೆ. ಕೈಪಿಡಿಗಳಲ್ಲಿಯೂ ಪಠ್ಯಗ್ರಂಥಗಳಲ್ಲಿಯೂ ಈ ವಾಕ್ಯವು ಅಲ್ಪಸ್ವಲ್ಪ ವ್ಯತ್ಯಾಸದಿಂದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನಾವೂ ಕೆಲವು ವರ್ಷಗಳ ಕಾಲ ತರಗತಿಯಲ್ಲಿ ಹೀಗೆಯೇ ಬೋಧಿಸಿದ್ದೇವೆ. ವಿದ್ಯಾರ್ಥಿಗಳು ಅದನ್ನು ಉತ್ತರಪತ್ರಿಕೆಗಳಲ್ಲಿ ಬರೆದಾಗ ನಿಸ್ಸಂಕೋಚವಾಗಿ ಅಂಕಗಳನ್ನೂ ಕೊಟ್ಟಿದ್ದೇವೆ. ಆದಕಾರಣ ಇಲ್ಲಿ ಮಾಡುವ ವಿಮರ್ಶೆಯಲ್ಲಿ ಬಹುಭಾಗವು ನಮಗೇ ಅನ್ವಯಿಸತಕ್ಕದ್ದೆಂದು ಮೊದಲೇ ಒಪ್ಪಿಕೊಳ್ಳುವುದು ಉಚಿತ.

ನಾಣ್ಯಗಳ ಲೇಖಗಳನ್ನು ಒಟ್ಟುಗೂಡಿಸಿ ವಿದ್ವಾಂಸರ ಮುಂದಿಟ್ಟ ಕೀರ್ತಿಯಲ್ಲಿ ದೊಡ್ಡ ಪಾಲು ಸ್ಟ್ಯಾನ್ಲಿ ಲೇನ್‌ಪೂಲರು ೧೮೮೧ರಲ್ಲಿ ಪ್ರಕಟಿಸಿದ ಬ್ರಿಟಿಷ್ ಮ್ಯೂಸಿಯಮ್ಮಿನ ಮಂಗೋಲ್ ನಾಣ್ಯಗಳ ಸೂಚೀಗ್ರಂಥಕ್ಕೆ ಸಲ್ಲುತ್ತದೆ. ನಾಣ್ಯಲೇಖಗಳ ಮಾರ್ಪಾಡನ್ನು ರಾಜಾಧಿಕಾರದ ಸಮರ್ಥನೆಯ ಪ್ರಶ್ನೆಯೊಡನೆ ಜೋಡಿಸಿ ವಿವೇಚಿಸಿದವರಲ್ಲಿ ಥಾಮಸ್ ಆಲ್ಸನ್ನರು ಪ್ರಮುಖರು. ಅವರ ೧೯೯೧ರ ಪ್ರಬಂಧವು ಇಂದಿಗೂ ಉಪಾದೇಯವಾಗಿದೆ. ಅದೇ ವಿದ್ವಾಂಸರು ೨೦೦೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೀನಾ ಮತ್ತು ಪರ್ಷಿಯದ ಮಂಗೋಲ್ ಆಸ್ಥಾನಗಳ ನಡುವೆ ವೈದ್ಯ, ಕೃಷಿ, ಅಡಿಗೆ, ಇತಿಹಾಸರಚನೆ ಮುಂತಾದ ಕ್ಷೇತ್ರಗಳಲ್ಲಿ ನಡೆದ ನಿಕಟವಾದ ವಿನಿಮಯವನ್ನು ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಈ ಎರಡನೆಯ ಚಿತ್ರವನ್ನು ಮೊದಲನೆಯದರೊಡನೆ ಹೊಂದಿಸಿಕೊಳ್ಳುವ ಶ್ರಮವನ್ನು ಕೈಪಿಡಿಗಳು ವಹಿಸಿಲ್ಲ. ನಮ್ಮ ಆಕ್ಷೇಪಣೆಯು ಮೂಲ ಸಂಶೋಧಕರ ಮೇಲಿನದಲ್ಲ. ಅವರ ನಿರ್ಣಯವನ್ನು ಒಂದು ಸಾಲಿನ ಸೂತ್ರಕ್ಕಿಳಿಸಿದ ರೂಢಿಯ ಮೇಲಿನದು.

೨

ಮೊದಲು ನಾಣ್ಯಗಳ ಮೇಲಿರುವುದೇನೆಂಬುದನ್ನು ನೋಡೋಣ. ೧೨೫೮ರಲ್ಲಿ ಬಾಗ್ದಾದನ್ನು ಹಿಡಿದು ಅಬ್ಬಾಸಿ ಖಲೀಫನನ್ನು ಕೊಲ್ಲಿಸಿದ ಹುಲಾಗುವು ತನ್ನ ಬೆಳ್ಳಿ ದಿರ್ಹಮುಗಳ ಮೇಲೆ ಅಣ್ಣನಾದ ಮೋಂಕೆ ಖಾನನನ್ನು ಮಹಾಖಾನನೆಂದು ಹೆಸರಿಸಿ, ಅದರ ಕೆಳಗೆ ತನ್ನ ಹೆಸರನ್ನು ಅರಬ್ಬಿ ಲಿಪಿಯಲ್ಲಿ ಹಾಕಿಸಿದನು. ಅಲ್ಲದೆ ರಾಜ್ಯವು ಈಶ್ವರನದು, ಅವನು ತನಗೆ ಇಷ್ಟಬಂದವರಿಗೆ ಅದನ್ನು ಕೊಡುತ್ತಾನೆ ಎಂಬ ಅರ್ಥದ ಕುರಾನ್ ವಾಕ್ಯವೂ ಅವನ ನಾಣ್ಯಗಳಲ್ಲಿ ಕಾಣಬರುತ್ತದೆ. ಖಲೀಫನ ರಾಜಧಾನಿಯನ್ನು ಸೂರೆಗೊಂಡ ಅನ್ಯಮತೀಯನು ಕುರಾನಿನ ಮಾತಿನಿಂದಲೇ ತನ್ನ ಅಧಿಕಾರವನ್ನು ಸಮರ್ಥಿಸಿಕೊಂಡನೆಂಬುದು ಗಮನಾರ್ಹ.

ಹುಲಾಗುವಿನ ಮಗ ಅಬಾಕಾನ ಕಾಲದಲ್ಲಿ (೧೨೬೫–೧೨೮೨) ಉಯ್ಗುರ್ ಲಿಪಿಯಲ್ಲಿ ಬರೆದ ಮಂಗೋಲ್ ಭಾಷೆಯ ಲೇಖವು ನಾಣ್ಯಗಳ ಮೇಲೆ ಬಂದಿತು. ‘ಮಹಾಖಾನನ ಹೆಸರಿನಲ್ಲಿ ಅಬಾಕಾನು ಟಂಕಿಸಿದ್ದು’ ಎಂಬುದು ಅದರ ತಾತ್ಪರ್ಯ. ಇದೇ ಸೂತ್ರವು ಟಂಕಿಸಿದವನ ಹೆಸರನ್ನು ಮಾತ್ರ ಬದಲಿಸಿಕೊಂಡು ಅಹಮದ್ ತೆಗೂದರ್, ಅರ್ಗೂನ್, ಗೈಖಾತು, ಬೈದು ಇವರ ಆಳಿಕೆಗಳಲ್ಲಿಯೂ ಮುಂದುವರಿಯಿತು. ಗೈಖಾತುವಿನ ನಾಣ್ಯದಲ್ಲಿ ಅವನ ಬೌದ್ಧನಾಮವಾದ ಇರಿಂಚಿನ್ ದೋರ್ಜಿ ಎಂಬುದು ಕಾಣಿಸುತ್ತದೆ. ಗಾಜಾನನ ಹಣಕಾಸಿನ ಸುಧಾರಣೆ ೧೨೯೭ರ ಸುಮಾರಿನಲ್ಲಿ ನಡೆಯಿತು. ಆಗ ಹೊರಬಿದ್ದ ನಾಣ್ಯದ ಮೇಲಿನ ಮಂಗೋಲ್ ಲೇಖದಲ್ಲಿ ಮಹಾಖಾನನ ಹೆಸರಿನ ಸ್ಥಳದಲ್ಲಿ ‘ಆಕಾಶದೇವನ ಬಲದಿಂದ’ ಎಂಬ ಮಾತು ಬಂದಿದೆ. ನಡುವೆ ಅರಬ್ಬಿ ಲಿಪಿಯಲ್ಲಿ ‘ಗಾಜಾನ್ ಮಹಮೂದ್’ ಎಂದಿದೆ. ಇನ್ನೊಂದು ಮುಖದಲ್ಲಿ ಇಸ್ಲಾಮಿನ ಶ್ರದ್ಧಾವಾಕ್ಯವಿದೆ.

ಮಾರ್ಪಾಡು ನಡೆದುದು ನಿರ್ವಿವಾದ. ಅದು ಅಕಸ್ಮಾತ್ತಾಗಿ ನಡೆದುದಲ್ಲವೆಂಬುದನ್ನೂ ಒಪ್ಪಬೇಕು. ಪ್ರಶ್ನೆಯಿರುವುದು ಅದರ ಅರ್ಥದಲ್ಲಿ.

೩

ಸ್ವಾತಂತ್ರ್ಯ ಘೋಷಣೆಯ ವಾದಕ್ಕೆ ನಮಗೆ ತೋರುವ ಮೊದಲನೆಯ ಬಾಧಕವು ಅಹಮದ್ ತೆಗೂದರನ ನಾಣ್ಯ. ಗಾಜಾನನು ಮುಸಲ್ಮಾನನಾದುದರಿಂದ ಬೌದ್ಧಪಕ್ಷಪಾತಿಯಾದ ಮಹಾಖಾನನ ಹೆಸರನ್ನು ಕೈಬಿಟ್ಟನೆಂದು ಹೇಳಲಾಗುತ್ತದೆ. ಆದರೆ ಅವನಿಗಿಂತ ಹದಿಮೂರು ವರ್ಷ ಮೊದಲೇ, ೧೨೮೨ರಲ್ಲಿ, ಪಟ್ಟಕ್ಕೆ ಬಂದ ತೆಗೂದರನು ಮುಸಲ್ಮಾನನಾಗಿದ್ದನು. ಅಹಮದ್ ಎಂಬ ಹೆಸರನ್ನೂ ಸುಲ್ತಾನನೆಂಬ ಬಿರುದನ್ನೂ ಧರಿಸಿದ್ದನು. ಈಜಿಪ್ಟಿನ ಮಾಮ್ಲೂಕ್ ಸುಲ್ತಾನನಿಗೆ ತನ್ನ ಮತವನ್ನು ತಿಳಿಯಪಡಿಸಿ ಪತ್ರವನ್ನೂ ಬರೆದಿದ್ದನು. ಹೀಗಿದ್ದೂ ಅವನ ನಾಣ್ಯಗಳಲ್ಲಿ ಮಹಾಖಾನನ ಹೆಸರಿನ ಸೂತ್ರವು ಹಾಗೆಯೇ ಉಳಿದುಕೊಂಡಿತು. ಹೀಗಿರಲು ಮತಾಂತರವೊಂದೇ ಸೂತ್ರದ ಲೋಪಕ್ಕೆ ಕಾರಣವಾಗಲಾರದು.

ಇದಕ್ಕೆ ಪೂರಕವಾಗಿ ಇನ್ನೊಂದು ಸಂಗತಿಯನ್ನು ಹೇಳಬಹುದು. ಜಾರ್ಜಿಯ ದೇಶದ ಟಿಫ್ಲಿಸಿನಲ್ಲಿ ಅಬಾಕಾ ಮತ್ತು ಅರ್ಗೂನರ ಕಾಲದಲ್ಲಿ ಅಚ್ಚಾದ ಬೆಳ್ಳಿ ನಾಣ್ಯಗಳ ಮೇಲೆ ಶಿಲುಬೆಯ ಚಿಹ್ನೆಯಿದ್ದು, ಕ್ರೈಸ್ತರ ತ್ರಿತ್ವದ ಸೂತ್ರವು ಅರಬ್ಬಿ ಭಾಷೆಯಲ್ಲಿದೆ. ಅರ್ಗೂನನ ಒಲವು ಬೌದ್ಧಧರ್ಮದ ಕಡೆಗಿತ್ತೆಂಬುದು ಪ್ರಸಿದ್ಧ. ಅವನ ನಾಣ್ಯದ ಶಿಲುಬೆಯನ್ನು ಕಂಡು ಅವನನ್ನು ಕ್ರೈಸ್ತನೆಂದು ಯಾರೂ ಹೇಳುವುದಿಲ್ಲ; ನಾಣ್ಯವು ಚಲಾವಣೆಯಾಗತಕ್ಕ ಪ್ರದೇಶದ ಜನರಿಗೆ ಒಪ್ಪಿಗೆಯಾಗಲೆಂದು ಅದನ್ನು ಹಾಕಿದರೆಂದೇ ಹೇಳುತ್ತೇವೆ. ನಮ್ಮ ನಾಡಿನಲ್ಲಿ ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಗೆದ್ದ ಮೇಲೆ ಇಕ್ಕೇರಿಯ ವರಾಹದ ಶಿವಪಾರ್ವತಿಯರ ಬಿಂಬವನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಒತ್ತಿಸಿದುದನ್ನೂ ನಾವು ಇದೇ ರೀತಿಯಲ್ಲಿ ವಿವರಿಸುತ್ತೇವೆ. ಒಂದು ಕಡೆ ಅನ್ವಯಿಸುವ ನ್ಯಾಯವನ್ನು ಮತ್ತೊಂದು ಕಡೆ ಮರೆಯುವುದು ವಿಮರ್ಶೆಯ ಲಕ್ಷಣವಲ್ಲ.

ಎರಡನೆಯ ಬಾಧಕವು ಗಾಜಾನನ ನಾಣ್ಯದ ಮೇಲೆಯೇ ಇದೆ. ಆ ನಾಣ್ಯದಲ್ಲಿ ಅರಬ್ಬಿ ಮತ್ತು ಉಯ್ಗುರ್ ಲಿಪಿಗಳಲ್ಲದೆ ಮೂರನೆಯದೊಂದು ಲಿಪಿಯ ಕೆಲವು ಅಕ್ಷರಗಳಿವೆ. ಅದು ಫಗ್ಸ್‌ಪಾ ಲಿಪಿ. ಟಿಬೆಟಿನ ಲಾಮಾ ಫಗ್ಸ್‌ಪಾ ಎಂಬಾತನು ಕುಬ್ಲಾಯಿ ಖಾನನ ಆಜ್ಞೆಯಂತೆ ರಚಿಸಿದ ಈ ಚೌಕಾಕಾರದ ಲಿಪಿಯನ್ನು ಕುಬ್ಲಾಯಿಯು ೧೨೬೯ರಲ್ಲಿ ತನ್ನ ಸಾಮ್ರಾಜ್ಯದ ಅಧಿಕೃತ ಲಿಪಿಯೆಂದು ಸಾರಿದನು. ಪರ್ಷಿಯದ ಪೇಟೆಗಳಲ್ಲಿ ಅದನ್ನು ಓದಬಲ್ಲವರು ತೀರ ವಿರಳವಾಗಿದ್ದಿರಬೇಕು. ಈ ಅಕ್ಷರಗಳನ್ನು ಕೆಲವರು ‘ಚಕ್ರವರ್ತಿ’ ಎಂದು ಓದಿದ್ದಾರೆ. ಆ ಓದು ಸರಿಯಾದರೆ ನಮ್ಮ ಸಂಸ್ಕೃತ ಶಬ್ದವೊಂದು ಬೌದ್ಧಧರ್ಮದ ಮೂಲಕ ಟಿಬೆಟನ್ನೂ ಚೀನಾವನ್ನೂ ಹಾದು ತಬ್ರೀಜಿನ ಟಂಕಸಾಲೆಗೆ ಬಂದಿತೆಂದಾಗುತ್ತದೆ. ಓದು ಯಾವುದೇ ಆಗಿರಲಿ, ಲಿಪಿ ಯಾವುದೆಂಬುದರಲ್ಲಿ ಸಂದೇಹವಿಲ್ಲ. ಮಹಾಖಾನನ ಸಂಬಂಧವನ್ನು ಕಡಿದುಕೊಳ್ಳಲು ಹೊರಟವನು ಮಹಾಖಾನನ ಲಿಪಿಯನ್ನೇ ತನ್ನ ಹೊಸ ನಾಣ್ಯಕ್ಕೆ ಏಕೆ ಬರಮಾಡಿಕೊಂಡನು? ಸ್ವಾತಂತ್ರ್ಯದ ವಾದವು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ನಾಣ್ಯದಲ್ಲಿ ಇಲ್ಲದಿರುವ ಹೆಸರನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ; ಇರುವ ಅಕ್ಷರಗಳನ್ನು ಬಿಟ್ಟುಬಿಡುತ್ತದೆ.

ಮೂರನೆಯದು ನಾಣ್ಯದ ಹೊರಗಿನ ಸಾಕ್ಷ್ಯ. ಇಲ್ಲಿ ಪ್ರತಿಪಕ್ಷಕ್ಕೆ ಅನುಕೂಲವಾದುದನ್ನು ಮುಚ್ಚಿಡುವುದು ನ್ಯಾಯವಲ್ಲ. ಅರ್ಗೂನನು ೧೨೮೯ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪನಿಗೆ ಬರೆದ ಪತ್ರವು ಆಕಾಶದೇವನ ಬಲವನ್ನೂ ಮಹಾಖಾನನ ಭಾಗ್ಯವನ್ನೂ ಸ್ಮರಿಸಿ ಆರಂಭವಾಗುತ್ತದೆ. ಗಾಜಾನನು ೧೩೦೨ರಲ್ಲಿ ಪೋಪ್ ಎಂಟನೆಯ ಬೋನಿಫೇಸನಿಗೆ ಬರೆದ ಪತ್ರದಲ್ಲಿ ಈ ಎರಡು ಸ್ಮರಣೆಗಳೂ ಇಲ್ಲದೆ, ‘ಗಾಜಾನನಾದ ನಮ್ಮ ಮಾತು’ ಎಂದಷ್ಟೇ ಇದೆ. ನಾಣ್ಯದಲ್ಲಿಯೂ ಪತ್ರದಲ್ಲಿಯೂ ಮಹಾಖಾನನ ಹೆಸರಿಲ್ಲದಿರುವುದು ಒಂದಕ್ಕೊಂದು ಪೋಷಕವೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಅದೇ ಪತ್ರದ ಮೇಲೆ ಒತ್ತಿರುವ ಮುದ್ರೆಯನ್ನು ನೋಡಬೇಕು. ಅದು ಚೀನೀ ಅಕ್ಷರಗಳ ಮುದ್ರೆ. ನಾಡನ್ನು ಸ್ಥಾಪಿಸಿ ಪ್ರಜೆಗಳನ್ನು ಆಳತಕ್ಕ ರಾಜಕುಮಾರನ ಮನೆತನದ ಮುದ್ರೆಯೆಂದು ಅದರಲ್ಲಿ ಕೊರೆದಿದೆ. ‘ರಾಜಕುಮಾರನ ಮನೆತನ’ ಎಂಬ ಪದವು ಚೀನೀ ಪದ್ಧತಿಯಲ್ಲಿ ಚಕ್ರವರ್ತಿಯ ಕೆಳಗಿನ ಅಂತಸ್ತನ್ನು ಸೂಚಿಸುತ್ತದೆ. ಪತ್ರದ ಒಕ್ಕಣೆಯಲ್ಲಿ ಒಡೆಯನ ಹೆಸರನ್ನು ಬಿಟ್ಟವನು, ಅದೇ ಹಾಳೆಯ ಮೇಲೆ, ಅಧೀನ ರಾಜನ ಪದವಿಯನ್ನು ಸಾರುವ ಮುದ್ರೆಯನ್ನು ಒತ್ತಿದ್ದಾನೆ.

ಇದಲ್ಲದೆ ಆ ವರ್ಷಗಳ ವ್ಯವಹಾರಗಳನ್ನೂ ಗಮನಿಸಬೇಕು. ಅರ್ಗೂನನಿಗಾಗಿ ಕುಬ್ಲಾಯಿಯು ಕಳುಹಿಸಿದ ರಾಜಕನ್ಯೆ ಕೋಕೆಚಿನ್ ಸಮುದ್ರಮಾರ್ಗವಾಗಿ ಪರ್ಷಿಯವನ್ನು ಸೇರುವ ವೇಳೆಗೆ ಅರ್ಗೂನನು ತೀರಿಕೊಂಡಿದ್ದನು. ೧೨೯೩ರಲ್ಲಿ ಅವಳನ್ನು ವಿವಾಹವಾದವನು ಗಾಜಾನನೇ. ಮಾರ್ಕೋ ಪೋಲೋ ಈ ಪರಿವಾರದೊಡನೆ ಪ್ರಯಾಣಮಾಡಿದುದು ಎಲ್ಲರಿಗೂ ತಿಳಿದ ವಿಷಯ. ಕುಬ್ಲಾಯಿಯ ರಾಯಭಾರಿಯಾಗಿ ಬಂದ ಬೋಲಾದನು ಪರ್ಷಿಯದಲ್ಲಿಯೇ ನೆಲಸಿ, ೧೩೧೩ರಲ್ಲಿ ಮರಣಹೊಂದುವವರೆಗೂ ಆಸ್ಥಾನದಲ್ಲಿ ಗೌರವದಿಂದಿದ್ದನು. ಗಾಜಾನನ ಮಂತ್ರಿ ರಶೀದುದ್ದೀನನು ಮಂಗೋಲರ ಪೂರ್ವಚರಿತ್ರೆಯನ್ನು ಬರೆಯುವಾಗ ಇವನ ನೆರವನ್ನು ಪಡೆದನು. ನಾಣ್ಯ ಸುಧಾರಣೆಯ ಬೆನ್ನಲ್ಲೇ, ೧೨೯೮ರ ಸುಮಾರಿನಲ್ಲಿ, ಗಾಜಾನನು ಫಖ್ರುದ್ದೀನ್ ಅಹಮದನೆಂಬ ಗಣ್ಯನನ್ನು ಕಾಣಿಕೆಗಳೊಡನೆ ತೆಮೂರ್ ಮಹಾಖಾನನ ಬಳಿಗೆ ಕಳುಹಿಸಿದನು. ಚೀನಾದಲ್ಲಿ ಹುಲಾಗುವಿನ ಮನೆತನಕ್ಕೆ ಸಲ್ಲಬೇಕಾಗಿದ್ದ ಉಂಬಳಿಯ ಆದಾಯದ ಬಾಕಿಯು ಈ ನಿಯೋಗಕ್ಕೆ ಸಂದಾಯವಾಯಿತೆಂದು ಸಮಕಾಲೀನ ಇತಿಹಾಸಕಾರ ವಸ್ಸಾಫನು ಬರೆದಿದ್ದಾನೆ. ಫಖ್ರುದ್ದೀನನು ಹಿಂದಿರುಗುವಾಗ ನಮ್ಮ ದಕ್ಷಿಣ ಭಾರತದ ಮಾಬಾರ್ ತೀರದ ಸಮೀಪದಲ್ಲಿ ಮಡಿದನು. ಸ್ವಾತಂತ್ರ್ಯವನ್ನು ಘೋಷಿಸಿದ ಮರುವರ್ಷವೇ ಕಾಣಿಕೆಯನ್ನು ಕಳುಹಿಸುವುದು, ಹಾಗೆ ಘೋಷಿಸಿದವನಿಗೆ ಒಡೆಯನು ಹಳೆಯ ಬಾಕಿಯನ್ನು ಸಲ್ಲಿಸುವುದು, ಎರಡೂ ವಿಚಿತ್ರವಾಗುತ್ತವೆ. ೧೩೦೫ರಲ್ಲಿ ಗಾಜಾನನ ತಮ್ಮ ಉಲ್ಜೈತುವು ಫಿಲಿಪನಿಗೆ ಬರೆದ ಪತ್ರದಲ್ಲಿ ಮಂಗೋಲ್ ರಾಜಮನೆತನಗಳ ಕಲಹವು ಶಮನಗೊಂಡುದನ್ನು ಹರ್ಷದಿಂದ ತಿಳಿಸುತ್ತ, ತೆಮೂರ್ ಮಹಾಖಾನನನ್ನು ಹೆಸರಿಸುತ್ತಾನೆ.

೪

ಹಾಗಾದರೆ ಗಾಜಾನನು ನಾಣ್ಯದ ಒಕ್ಕಣೆಯನ್ನು ಬದಲಾಯಿಸಿದುದೇಕೆ? ಇದಕ್ಕೆ ಉತ್ತರವನ್ನು ಲೇಖದಲ್ಲಿ ಹುಡುಕುವುದಕ್ಕೆ ಮೊದಲು ಬೆಳ್ಳಿಯಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ.

೧೨೯೪ರಲ್ಲಿ ಗೈಖಾತುವಿನ ಬೊಕ್ಕಸವು ಬರಿದಾಗಿತ್ತು. ಮಂತ್ರಿ ಸದ್ರುದ್ದೀನ್ ಜಂಜಾನಿಯ ಪ್ರೇರಣೆಯಿಂದ, ಬೋಲಾದನನ್ನು ವಿಚಾರಿಸಿ, ಚೀನಾದ ಮಾದರಿಯ ಕಾಗದದ ಹಣವನ್ನು ತಬ್ರೀಜಿನಲ್ಲಿ ಚಲಾವಣೆಗೆ ತಂದರು. ‘ಚಾವ್’ ಎಂದು ಕರೆಯಲ್ಪಟ್ಟ ಈ ಹಾಳೆಗಳ ಮೇಲೆ ಚೀನೀ ಅಕ್ಷರಗಳೂ ಇಸ್ಲಾಮಿನ ಶ್ರದ್ಧಾವಾಕ್ಯವೂ ಒಟ್ಟಿಗೆ ಇದ್ದುವು. ಬೆಲೆಯು ಅರ್ಧ ದಿರ್ಹಮಿನಿಂದ ಹತ್ತು ದಿನಾರಿನವರೆಗೆ ಇತ್ತು. ಒಪ್ಪದವರಿಗೆ ಮರಣದಂಡನೆಯೆಂದು ಸಾರಿದರೂ ಜನರು ಒಪ್ಪಲಿಲ್ಲ. ಅಂಗಡಿಗಳು ಬರಿದಾದುವು, ವರ್ತಕರು ಊರುಬಿಟ್ಟರು, ಸುಮಾರು ಎರಡು ತಿಂಗಳುಗಳಲ್ಲಿ ಚಾವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಇದಾದ ಮರುವರ್ಷವೇ ಗೈಖಾತುವೂ ಅವನ ಬಳಿಕ ಬಂದ ಬೈದುವೂ ಒಬ್ಬರ ಹಿಂದೊಬ್ಬರು ಹತರಾಗಿ ಗಾಜಾನನು ಪಟ್ಟವೇರಿದನು.

ಅವನಿಗೆ ಬಂದ ಬಳುವಳಿಯು ಕೇವಲ ಬರಿದಾದ ಬೊಕ್ಕಸವಾಗಿರಲಿಲ್ಲ. ರಾಜಮುದ್ರೆಯುಳ್ಳ ಹಣವನ್ನು ನಂಬಲಾರದ ಪ್ರಜೆಗಳೂ ಆ ಬಳುವಳಿಯಲ್ಲಿ ಸೇರಿದ್ದರು. ರಶೀದುದ್ದೀನನ ಪ್ರಕಾರ ಅಂದು ಒಂದೊಂದು ಪ್ರಾಂತದಲ್ಲಿಯೂ ನಾಣ್ಯದ ಬೆರಕೆಯು ಬೇರೆ ಬೇರೆಯಾಗಿತ್ತು. ವರ್ತಕರು ಸರಕಿನ ವ್ಯಾಪಾರವನ್ನು ಬಿಟ್ಟು ನಾಣ್ಯಗಳ ವ್ಯತ್ಯಾಸದಲ್ಲಿಯೇ ಲಾಭವನ್ನು ಅರಸುತ್ತಿದ್ದರು. ರಶೀದುದ್ದೀನನು ಗಾಜಾನನ ಮಂತ್ರಿಯಾದುದರಿಂದ ಹಿಂದಿನ ಅವ್ಯವಸ್ಥೆಯನ್ನು ಕೊಂಚ ಹಿಗ್ಗಿಸಿ ಹೇಳಿರಬಹುದು. ಆದರೆ ಸುಧಾರಣೆಯ ಫಲವನ್ನು ತಕ್ಕಡಿಯೇ ಹೇಳುತ್ತದೆ. ಹೊಸ ದಿರ್ಹಮನ್ನು ಅರ್ಧ ಮಿಸ್ಕಾಲಿಗೆ, ಎಂದರೆ ಸುಮಾರು ೨.೧೬ ಗ್ರಾಮಿಗೆ, ಗೊತ್ತುಮಾಡಲಾಯಿತು. ಅದರ ಇಮ್ಮಡಿಯ ನಾಣ್ಯವು ಸುಮಾರು ೪.೩೨ ಗ್ರಾಂ. ಆರು ದಿರ್ಹಮುಗಳ ಬೆಳ್ಳಿ ದಿನಾರು ಮೂರು ಮಿಸ್ಕಾಲು, ಅಂದರೆ ಸುಮಾರು ೧೨.೯೬ ಗ್ರಾಂ. ಶುದ್ಧವಾದ ಬೆಳ್ಳಿ, ಒಂದೇ ತೂಕ, ಒಂದೇ ಮಾದರಿಯ ಅಚ್ಚು: ರಾಜ್ಯದ ಬೇರೆ ಬೇರೆ ಟಂಕಸಾಲೆಗಳು ಈ ಮೂರಕ್ಕೂ ಬದ್ಧವಾಗಬೇಕಾಯಿತು.

ಈ ಹಿನ್ನೆಲೆಯಲ್ಲಿ ಲೇಖವನ್ನು ಓದಿದರೆ ಅದರ ಮುಖವು ಯಾವ ಕಡೆಗಿದೆಯೆಂಬುದು ಸ್ವಲ್ಪ ಮಟ್ಟಿಗೆ ಸ್ಪಷ್ಟವಾಗುತ್ತದೆ. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವವನು ತಬ್ರೀಜಿನ, ಶಿರಾಜಿನ, ಬಾಗ್ದಾದಿನ ವರ್ತಕ. ದೂರದ ಖಾನ್‌ಬಾಲಿಕಿನಲ್ಲಿರುವ, ತಾನು ಎಂದೂ ಕಾಣದ ಮಹಾಖಾನನ ಹೆಸರು ಅವನಿಗೆ ಯಾವ ಭರವಸೆಯನ್ನೂ ಕೊಡಲಾರದು. ಚೀನೀ ಅಕ್ಷರಗಳ ಕಾಗದದಿಂದ ನಷ್ಟಪಟ್ಟವನಿಗೆ ಅದು ಅಪಶಕುನವಾಗಿಯೂ ತೋರಬಹುದಾಗಿತ್ತು. ಶ್ರದ್ಧಾವಾಕ್ಯವೂ ಮುಸಲ್ಮಾನ ದೊರೆಯ ಹೆಸರೂ ಪೂರ್ಣವಾದ ತೂಕವೂ ಸೇರಿ ಅವನಿಗೆ ಬೇಕಾದ ಭರವಸೆಯನ್ನು ಕೊಟ್ಟುವು. ಇದಕ್ಕೆ ರಾಜಕೀಯವೂ ಕೂಡಿತ್ತು. ಈಜಿಪ್ಟಿನ ಮಾಮ್ಲೂಕರು ೧೨೬೧ರಿಂದ ಅಬ್ಬಾಸಿ ವಂಶದವನೊಬ್ಬನನ್ನು ಖಲೀಫನೆಂದು ಕೈರೋದಲ್ಲಿ ಇರಿಸಿಕೊಂಡು ಇಸ್ಲಾಮಿನ ರಕ್ಷಕರು ತಾವೆಂದು ಸಾರುತ್ತಿದ್ದರು. ೧೨೯೯ರಲ್ಲಿ ಸಿರಿಯದ ಮೇಲೆ ದಂಡೆತ್ತಿಹೋದ ಗಾಜಾನನು ತಾನೂ ಇಸ್ಲಾಮಿನ ಅರಸನೆಂದು ಹೇಳಿಕೊಳ್ಳಬೇಕಾಗಿತ್ತು. ಅನ್ಯಮತದ ಒಡೆಯನೊಬ್ಬನ ಹೆಸರನ್ನು ಹೊತ್ತ ನಾಣ್ಯವು ಆ ಹೇಳಿಕೆಗೆ ಅಡ್ಡಬರುತ್ತಿತ್ತು. ಹೀಗೆ ನಾಣ್ಯದ ಒಕ್ಕಣೆಯು ಕೈರೋವಿಗೂ ತಬ್ರೀಜಿನ ಪೇಟೆಗೂ ಕೊಟ್ಟ ಉತ್ತರವೆಂದೂ, ಖಾನ್‌ಬಾಲಿಕಿಗೆ ಸಲ್ಲಬೇಕಾದ ಮರ್ಯಾದೆಯು ಮುದ್ರೆ, ರಾಯಭಾರ, ವಿವಾಹಗಳ ಮೂಲಕ ಸಲ್ಲುತ್ತಿತ್ತೆಂದೂ ನಮ್ಮ ಅಭಿಪ್ರಾಯ.

‘ಆಕಾಶದೇವನ ಬಲದಿಂದ’ ಎಂಬ ಮಾತಿನ ವಿಷಯದಲ್ಲಿ ಒಂದು ಮಾತು. ಇದು ಮಹಾಖಾನನಿಗೆ ವಿರುದ್ಧವಾಗಿ ಗಾಜಾನನು ಹೊಸದಾಗಿ ಕಂಡುಹಿಡಿದ ಪದಪುಂಜವಲ್ಲ. ೧೨೪೬ರಲ್ಲಿ ಪೋಪನಿಗೆ ಹೋದ ಗುಯೂಕ್ ಮಹಾಖಾನನ ಪತ್ರದ ಮುದ್ರೆಯಲ್ಲಿಯೂ ಇದೇ ಭಾವನೆಯಿದೆ. ಮಂಗೋಲ್ ರಾಜಶಾಸನಗಳ ಸಾಮಾನ್ಯವಾದ ಪೀಠಿಕೆಯಿದು. ಆಕಾಶದೇವನ ಅನುಗ್ರಹವನ್ನು ಮಹಾಖಾನನ ಮಧ್ಯಸ್ಥಿಕೆಯಿಲ್ಲದೆ ಗಾಜಾನನು ನೇರವಾಗಿ ತನ್ನದೆಂದು ಹೇಳಿಕೊಂಡನೆಂಬುದು ನಿಜ. ಅದರ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಹೇಳಿಕೊಂಡ ಭಾಷೆಯೂ ಲಿಪಿಯೂ ಮಂಗೋಲರವೇ. ಶ್ರದ್ಧಾವಾಕ್ಯದ ಬೆನ್ನಲ್ಲಿ ಆಕಾಶದೇವನನ್ನು ನಿಲ್ಲಿಸಿದ ಈ ನಾಣ್ಯವು, ಹಳೆಯ ಬಂಧಗಳನ್ನು ಕಳಚಿಕೊಂಡವನ ಕೈಯಿಂದ ಬಂದುದೆಂದು ತೋರುವುದಿಲ್ಲ. ಉಲ್ಜೈತುವಿನ ನಾಣ್ಯಗಳಲ್ಲಿ ಅರಬ್ಬಿಯ ಸುಲ್ತಾನ್ ಬಿರುದು ಮೇಲುಗೈಯಾಗಿ, ಹಿಜರಿ ೭೦೯ರಲ್ಲಿ ಹನ್ನೆರಡು ಇಮಾಮರ ಹೆಸರುಗಳುಳ್ಳ ಷಿಯಾ ಒಕ್ಕಣೆಯು ಬಂದುದನ್ನು ಇದರೊಡನೆ ಹೋಲಿಸಿದರೆ ಗಾಜಾನನ ನಾಣ್ಯವು ಎಷ್ಟರಮಟ್ಟಿಗೆ ನಡುದಾರಿಯದೆಂಬುದು ಗೊತ್ತಾಗುತ್ತದೆ.

೫

ಮೇಲಿನ ವಿವೇಚನೆಯಿಂದ ಗಾಜಾನನು ಮಹಾಖಾನನ ಆಜ್ಞಾಧಾರಕನಾಗಿದ್ದನೆಂದು ನಾವು ಸಿದ್ಧಪಡಿಸಿದಂತೆ ಯಾರೂ ತಿಳಿಯಬಾರದು. ಆಡಳಿತದಲ್ಲಿ ಇಲ್‌ಖಾನರು ಗಾಜಾನನಿಗಿಂತ ಬಹಳ ಹಿಂದೆಯೇ ಬಹುಮಟ್ಟಿಗೆ ಸ್ವತಂತ್ರರಾಗಿದ್ದರು. ಮಹಾಖಾನನ ಹೆಸರನ್ನು ಹೊತ್ತ ಅಬಾಕಾನ ನಾಣ್ಯವು ಅಬಾಕಾನ ಸ್ವಾತಂತ್ರ್ಯವನ್ನು ಎಷ್ಟು ಮರೆಮಾಡುತ್ತದೆಯೋ, ಆ ಹೆಸರನ್ನು ಬಿಟ್ಟ ಗಾಜಾನನ ನಾಣ್ಯವು ಅವನ ಸಂಬಂಧಗಳನ್ನು ಅಷ್ಟೇ ಮರೆಮಾಡುತ್ತದೆ. ಇವೆರಡರ ನಡುವೆ ಒಂದು ದಿನಾಂಕವನ್ನು ಗುರುತಿಸಿ, ಇಲ್ಲಿಯವರೆಗೆ ಅಧೀನತೆ, ಇಲ್ಲಿಂದ ಮುಂದೆ ಸ್ವಾತಂತ್ರ್ಯ ಎಂದು ಗೆರೆಯೆಳೆಯುವುದಕ್ಕೆ ಮಾತ್ರ ನಮ್ಮ ಆಕ್ಷೇಪಣೆ.

ಈ ಪ್ರಶ್ನೆಯು ಪರ್ಷಿಯಕ್ಕೆ ಮಾತ್ರ ಸಂಬಂಧಿಸಿದುದೆಂದು ಭಾವಿಸಬೇಕಾಗಿಲ್ಲ. ದಿಲ್ಲಿಯ ಸುಲ್ತಾನರು ೧೨೫೮ರಲ್ಲಿ ಹತನಾದ ಖಲೀಫ ಮುಸ್ತಾಸಿಮನ ಹೆಸರನ್ನು ಜಲಾಲುದ್ದೀನ್ ಖಲ್ಜಿಯ ಕಾಲದವರೆಗೂ (೧೨೯೦–೧೨೯೬) ನಾಣ್ಯಗಳ ಮೇಲೆ ಉಳಿಸಿಕೊಂಡಿದ್ದರು. ಈಸ್ಟ್ ಇಂಡಿಯ ಕಂಪೆನಿಯು ೧೮೩೫ರವರೆಗೆ ಮೊಗಲ್ ಚಕ್ರವರ್ತಿ ಷಾ ಆಲಮನ ಹೆಸರಿನ ರೂಪಾಯಿಗಳನ್ನು ಅಚ್ಚುಹಾಕಿಸಿತು. ಅವನೋ ೧೮೦೬ರಲ್ಲಿಯೇ ತೀರಿಕೊಂಡಿದ್ದನು. ಇರುವ ಹೆಸರು ಅಧೀನತೆಗೆ ಪ್ರಮಾಣವಲ್ಲವೆಂದು ಇಲ್ಲಿ ನಾವು ಸುಲಭವಾಗಿ ಒಪ್ಪುತ್ತೇವೆ. ಇಲ್ಲದ ಹೆಸರು ಸ್ವಾತಂತ್ರ್ಯಕ್ಕೆ ಪ್ರಮಾಣವಲ್ಲವೆಂಬುದನ್ನೂ ಅದೇ ಸುಲಭತೆಯಿಂದ ಒಪ್ಪಬೇಕಾಗುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿಗಳು ನಾಣ್ಯಗಳ ಲೇಖವನ್ನು ಕೈಪಿಡಿಯ ಭಾಷಾಂತರದಲ್ಲಿ ಓದಿ ನಿಲ್ಲದೆ, ತೂಕ, ಲೋಹ, ಲಿಪಿ, ಟಂಕಸಾಲೆ ಈ ನಾಲ್ಕನ್ನೂ ಸೂಚೀಗ್ರಂಥದಿಂದ ಒಟ್ಟಿಗೆ ಬರೆದುಕೊಂಡು, ಅನಂತರ ಪತ್ರ ಮತ್ತು ಮುದ್ರೆಗಳ ಸಾಕ್ಷ್ಯವನ್ನು ಪಕ್ಕದಲ್ಲಿರಿಸಿ ನಿರ್ಣಯಕ್ಕೆ ಬರುವ ಪದ್ಧತಿಯನ್ನು ಅಭ್ಯಾಸಮಾಡಿದರೆ ಉತ್ತಮವೆಂದು ನಮ್ಮ ಸೂಚನೆ. ಇದರಿಂದ ಉತ್ತರಪತ್ರಿಕೆಯ ವಾಕ್ಯಗಳು ಇನ್ನಷ್ಟು ಉದ್ದವಾಗಬಹುದು. ಅವುಗಳಿಗೆ ಅಂಕ ಕೊಡುವ ಕೆಲಸವೂ ಕಷ್ಟವಾಗಬಹುದು. ಆ ಕಷ್ಟವನ್ನು ನಾವು ಸಂತೋಷದಿಂದ ವಹಿಸಿಕೊಳ್ಳಲು ಸಿದ್ಧರಿದ್ದೇವೆ.